ನಿಂತ ಗಾಡಿಯ ಅಡಿ

ಕಗ್ಗಲಕಟ್ಟೆಯ ಡೀಸೆಲ್ ರೈಲು ಹೋದದ್ದು ಭದ್ರಮ್ಮನಿಂದ ಎಂದು ಊರು ಹೇಳುತ್ತದೆ. ಹೇಳಲಿ. ಆ ರೈಲು ಬಂದದ್ದು ಯಾರಿಂದ ಎಂದು ತಿರುಗಿ ಕೇಳಿದರೆ ಊರು ಗಂಟಲು ಸರಿಮಾಡಿಕೊಳ್ಳುತ್ತದೆ. ಹೋರಾಟ ಸಮಿತಿಯಿಂದ ಎನ್ನುತ್ತದೆ. ವೀರಭದ್ರಸ್ವಾಮಿಯವರ ಓಡಾಟದಿಂದ ಎನ್ನುತ್ತದೆ. ಮಂಟಯ್ಯನ ಮಂಡಿಯಿಂದ ಎಂದು ಒಬ್ಬನೂ ಹೇಳುವುದಿಲ್ಲ.

ಮಂಟಯ್ಯ ಭದ್ರಮ್ಮನ ಗಂಡ. ಕಾಲೋನಿಯ ಮೊದಲನೇ ಮನೆಯ ಜಗಲಿಯಲ್ಲಿ ಎಡಗಾಲನ್ನು ಉದ್ದಕ್ಕೆ ಚಾಚಿಕೊಂಡು ಕೂತಿರುತ್ತಾನೆ. ಆ ಕಾಲು ಮಡಚುವುದಿಲ್ಲ. ಒಳಗೆ ಹೋಗುವವರು ಅದನ್ನು ದಾಟಿಕೊಂಡೇ ಹೋಗಬೇಕು.

ಕೆ.ಆರ್. ನಗರ ತಾಲ್ಲೂಕಿನ ಕಗ್ಗಲಕಟ್ಟೆ ಇತ್ತ ಹಳ್ಳಿಯೂ ಅಲ್ಲ, ಅತ್ತ ಪೇಟೆಯೂ ಅಲ್ಲ. ಒಂದು ಅಕ್ಕಿ ಗಿರಣಿ, ಒಂದು ಸಂತೆಮಾಳ, ಒಂದು ರೈಲು ಸ್ಟೇಷನ್ನು. ಸಣ್ಣ ಗೇಜು ಕಿತ್ತು ದೊಡ್ಡ ಗೇಜು ಹಾಕಿದ ಮೇಲೆ ಹಾಸನದ ರೈಲುಗಳು ಊರಿನ ಮುಖಕ್ಕೆ ದೂಳೆರಚಿ ಹೋಗುತ್ತಿದ್ದವು, ನಿಲ್ಲುತ್ತಿದ್ದದ್ದು ಕಡಿಮೆ. ಅಷ್ಟರಲ್ಲಿ ಒಂದು ಸುದ್ದಿ ಬಂತು. ಮೈಸೂರಿನ ಸುತ್ತಮುತ್ತಲ ಊರುಗಳಿಗೆಂದು ಹೊಸ ಡೀಸೆಲ್ ಗಾಡಿ ಬರುತ್ತದಂತೆ, ಯಾವ ಲೈನಿಗೆ ಹಾಕಬೇಕು, ಎಲ್ಲಿಯವರೆಗೆ ಓಡಿಸಬೇಕು ಎಂದು ಇನ್ನೂ ತೀರ್ಮಾನವಾಗಿಲ್ಲವಂತೆ. ಕೂಗಿದ ಊರಿಗೆ ಗಾಡಿ ಸಿಗುತ್ತದೆ ಎಂದು ಮಾತಾಯಿತು. ಗಿರಣಿಯ ವೀರಭದ್ರಸ್ವಾಮಿ ಅಧ್ಯಕ್ಷರಾಗಿ ಸಮಿತಿಯಾಯಿತು. ರೈಲು ತಡೆಯುವುದೆಂದು ನಿಶ್ಚಯವಾಯಿತು. ಕಂಬಿಯ ಮೇಲೆ ಕೂರುವವರು ಯಾರು? ಆಗ ಸಮಿತಿಗೆ ಕಾಲೋನಿಯ ನೆನಪು ಬಂತು.

ಹುಟ್ಟಿದಾಗಿನಿಂದ ಕಾಲೋನಿಯ ಕಡೆ ಮುಖ ಹಾಕದ ವೀರಭದ್ರಸ್ವಾಮಿ ಅಂದು ಶಾಲು ಹೊದ್ದು ಬಂದರು. ಬೇವಿನ ಮರದ ಕೆಳಗೆ ನಿಂತೇ ಮಾತಾಡಿದರು.

"ರೈಲು ಬಂದ್ರೆ ನಿಮ್ ಮಕ್ಕಳು ಮೈಸೂರಿಗೆ ಹೋಗಿ ಓದ್ತಾವೆ ಕಣ್ರಪ್ಪಾ. ನಿಮಗೂ ಸ್ಟೇಷನ್ನಲ್ಲಿ ಕೆಲಸ ಸಿಗ್ತದೆ. ನಾನು ಮಾತು ಕೊಡ್ತೀನಿ."

ಕಾಲೋನಿ ಹೋಗಿ ಕಂಬಿಯ ಮೇಲೆ ಕೂತಿತು. ಸಮಿತಿ ಶಾಮಿಯಾನದ ಕೆಳಗೆ ಕೂತಿತು. ಬಿಸಿಲಿಗೆ ಕಾದ ಕಬ್ಬಿಣ ಸೀರೆಯ ಮೇಲಿಂದಲೇ ತೊಡೆ ಸುಟ್ಟಿತು. ಪೊಲೀಸರ ವ್ಯಾನು ಬಂದಾಗ ಸಮಿತಿ ಮಾತುಕತೆಗೆಂದು ಸ್ಟೇಷನ್ನಿನ ಒಳಕ್ಕೆ ಹೋಯಿತು. ಹೊರಗೆ ಲಾಠಿ ಬಿತ್ತು. ಮಂಟಯ್ಯ ಹೆಂಡತಿಯ ಮೇಲೆ ಬೀಳುವುದನ್ನು ತಪ್ಪಿಸಲು ಅಡ್ಡ ಬಂದ. ಮಂಡಿ ಒಡೆಯಿತು. ಸಮಿತಿಯಿಂದ ಒಬ್ಬರು ಆಸ್ಪತ್ರೆಗೆ ಬ್ರೆಡ್ಡು, ಮೂಸಂಬಿ ತಂದುಕೊಟ್ಟು ಹೋದರು.

ಗಾಡಿ ಮಂಜೂರಾಯಿತು. ಬಾಳೆಕಂದು ಕಟ್ಟಿ, ಎಂಜಿನ್ನಿನ ಮುಖಕ್ಕೆ ಅರಿಸಿನ ಕುಂಕುಮ ಹಚ್ಚಿ, ಡ್ರೈವರಿಗೆ ಪೇಟ ತೊಡಿಸಿದರು. ಕಾಲೋನಿಯವರು ಬೇಲಿಯಾಚೆ ನಿಂತು ನೋಡಿದರು. ಮಂಟಯ್ಯ ನೋಡಲಿಲ್ಲ, ಅವನ ಕಾಲಿಗೆ ಇನ್ನೂ ಪಟ್ಟಿ ಇತ್ತು.

ಸುಳ್ಳು ಹೇಳಬಾರದು, ವೀರಭದ್ರಸ್ವಾಮಿ ಕೊಟ್ಟ ಎರಡು ಮಾತೂ ನಡೆದವು. ಭದ್ರಮ್ಮನ ಮಗಳು ರಾಣಿಗೆ ಮೈಸೂರಿನಲ್ಲಿ ಟೀಚರಾಗುವ ಓದಿಗೆ, ಟಿ.ಸಿ.ಎಚ್.ಗೆ ಸೀಟು ಸಿಕ್ಕಿತು. ರೈಲಿನ ಪಾಸು ಮಾಡಿಸಿಕೊಂಡು ದಿನಾ ಹೋಗಿ ಬರತೊಡಗಿದಳು. ಬಸ್ಸಿನ ದುಡ್ಡು ಹೊಂಚುವ ಶಕ್ತಿ ಆ ಮನೆಗಿರಲಿಲ್ಲ, ರೈಲಿದ್ದರೆ ಓದು, ಇಲ್ಲದಿದ್ದರೆ ಇಲ್ಲ. ಎರಡನೆಯದು, ಭದ್ರಮ್ಮನಿಗೆ ಸ್ಟೇಷನ್ನಿನಲ್ಲಿ ಕೆಲಸ ಸಿಕ್ಕಿತು.

ಆ ಕೆಲಸ ಎಂಥದ್ದೆಂದು ಹೇಳಬೇಕು.

ಡೀಸೆಲ್ ಗಾಡಿಗೆ ಎರಡು ತುದಿಗೂ ಎಂಜಿನ್ನಿನ ಮುಖ. ತಿರುಗಿಸುವ ರಗಳೆಯಿಲ್ಲ, ಬಂದ ದಾರಿಯಲ್ಲೇ ವಾಪಸ್ಸು ಹೋಗಬಹುದು. ಹಾಗಾಗಿ ಕಗ್ಗಲಕಟ್ಟೆಯಂಥ ಸಣ್ಣ ಸ್ಟೇಷನ್ನೇ ಅದಕ್ಕೆ ಕೊನೆಯ ನಿಲ್ದಾಣವಾಯಿತು. ರಾತ್ರಿ ಬಂದು ಪ್ಲಾಟ್‌ಫಾರಮ್ಮಿಗೆ ಆನಿಕೊಂಡು ನಿಂತರೆ ಬೆಳಿಗ್ಗೆ ಜನ ತುಂಬಿಕೊಂಡು ಮೈಸೂರಿಗೆ ಹೊರಡುತ್ತಿತ್ತು. ಪ್ರತಿ ಡಬ್ಬಿಯ ಮೂಲೆಯಲ್ಲೂ ಕಕ್ಕಸು. ಊರಿನ ಕಣ್ಣು ಬಿದ್ದದ್ದು ಅದರ ಮೇಲೆ.

ಸ್ಟೇಷನ್ ಬೀದಿಯ ಮನೆಗಳಿಗೆ ಕಕ್ಕಸಿರಲಿಲ್ಲ. ಮಹಡಿ ಕಟ್ಟಿಸಿದವರೂ ಹೊತ್ತಾರೆ ಎದ್ದು ಚೊಂಬು ಹಿಡಿದು ಕೆರೆ ಏರಿಯ ಹಿಂದಕ್ಕೇ ಹೋಗುತ್ತಿದ್ದರು. ಈಗ ಮನೆ ಮುಂದೆಯೇ ಗಾಡಿ. ಚಿಲಕವಿರುವ ಬಾಗಿಲು. ತಿರುಗಿಸಿದರೆ ನೀರು. ಮಳೆಯ ಭಯವಿಲ್ಲ, ಹಾವಿನ ಭಯವಿಲ್ಲ. ಗಾಡಿ ನಿಂತಿರುವಾಗ ಉಪಯೋಗಿಸಬಾರದೆಂದು ಒಳಗೆ ಬರೆದಿತ್ತು. ಅಕ್ಷರ ಬಂದವರು ಅದನ್ನು ಓದಿಕೊಂಡೇ ಕೂರುತ್ತಿದ್ದರು. ಹೆಂಗಸರಿಗೊಂದು ಡಬ್ಬಿ, ಗಂಡಸರಿಗೊಂದು ಡಬ್ಬಿ ಎಂದು ತಮ್ಮಷ್ಟಕ್ಕೆ ತಾವೇ ಹಂಚಿಕೊಂಡಿದ್ದರು. ಮೈಸೂರನ್ನೇ ನೋಡದ ಮುದುಕರೂ ದಿನಾ ರೈಲು ಹತ್ತಿ ಇಳಿದರು. ನಾಚಿಕೆಯೇನೂ ಇರಲಿಲ್ಲ. ನಮ್ಮ ರೈಲು ಎಂಬ ಹೆಮ್ಮೆಯಿತ್ತು. ಕಾಲೋನಿಯ ಒಬ್ಬ ಮುದುಕಿ ಆಸೆಪಟ್ಟು ಒಂದು ದಿನ ಹತ್ತಿದ್ದಕ್ಕೆ ಮಾತ್ರ ರೆಟ್ಟೆ ಹಿಡಿದು ಇಳಿಸಿದರು.

ಹೋದದ್ದೆಲ್ಲ ಕಂಬಿಯ ನಡುವೆ ಜಲ್ಲಿಯ ಮೇಲೆ ಬೀಳುತ್ತಿತ್ತು. ಗಾಡಿ ಹೊರಟ ಮೇಲೆ ಭದ್ರಮ್ಮ ಇಳಿಯುತ್ತಿದ್ದಳು. ಒಂದು ತಗಡಿನ ಚೂರು, ಒಂದು ಕಡ್ಡಿಪೊರಕೆ, ಒಂದು ಮಂಕರಿ. ನಡು ಬಗ್ಗಿಸಿ ಬಾಚಬೇಕು, ಮಂಕರಿಗೆ ತುಂಬಬೇಕು, ತಲೆಯ ಮೇಲೆ ಹೊತ್ತು ಕೆರೆಯಂಚಿನ ಗುಂಡಿಗೆ ಹಾಕಿ ಬರಬೇಕು. ಜಲ್ಲಿಯ ಸಂದಿಗೆ ತಗಡು ಹೋಗುವುದಿಲ್ಲ. ಅಲ್ಲಿ ಬೆರಳು ಹೋಗಬೇಕು. ಮಂಕರಿಯ ತಳ ಸೋರಿ ಕಿವಿಯ ಹಿಂದೆ ಇಳಿಯುತ್ತದೆ. ಕೆಲಸದ ಗುತ್ತಿಗೆ ಹಿಡಿದವನು ಮೈಸೂರಿನಲ್ಲೆಲ್ಲೋ ಇದ್ದ, ಅವನ ಮುಖವನ್ನು ಅವಳು ಕಂಡಿರಲಿಲ್ಲ. ಅವನ ಪರವಾಗಿ ಮೇಸ್ತ್ರಿ ಚಲುವಯ್ಯ ಇದ್ದ. ಕಾಲೋನಿಯವನೇ, ಬೂಟು ಹಾಕಿಕೊಳ್ಳುತ್ತಿದ್ದ.

"ಪೈಪು ಬತ್ತದೆ ಕಣವ್ವಾ. ಪಂಪು ಬತ್ತದೆ. ಕೈಗೆ ಚೀಲಾನೂ ಬತ್ತದೆ. ವಸಿ ತಡ್ಕೋ" ಎನ್ನುತ್ತಿದ್ದ. ಯಾವುದೂ ಬರಲಿಲ್ಲ.

ಮೊದಮೊದಲು ವಾಂತಿಯಾಗುತ್ತಿತ್ತು. ಆಮೇಲೆ ಅದು ನಿಂತಿತು. ಅದರ ಜೊತೆಗೆ ಉಳಿದದ್ದೂ ನಿಂತಿತು. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ತಮ್ಮ ಸತ್ತ ಸುದ್ದಿ ಬಂದಾಗ ಎದ್ದು ಕೈಕಾಲು ತೊಳೆದು ಹೊರಟಳು, ಮಣ್ಣು ಮುಗಿಸಿಕೊಂಡು ಬಂದಳು, ಅಳು ಬರಲಿಲ್ಲ. ಯಾರಾದರೂ ಬೈದರೆ ಅದು ಪಕ್ಕದವರಿಗೆ ಬೈದಂತೆ ಕೇಳುತ್ತಿತ್ತು. ಸ್ಟೇಷನ್ನಿನಲ್ಲಿ ಟೀ ಮಾರುವ ನಜೀರ್ ಜನ ಇಲ್ಲದಾಗ ಗಾಜಿನ ಲೋಟದಲ್ಲಿ ಟೀ ಕೊಡುತ್ತಿದ್ದ, ಜನ ಬಂದರೆ ಅದೇ ಟೀಯನ್ನು ತೆಂಗಿನ ಚಿಪ್ಪಿಗೆ ಹುಯ್ಯುತ್ತಿದ್ದ. ಅದಕ್ಕೂ ಅವಳಿಗೆ ಏನೂ ಅನಿಸುತ್ತಿರಲಿಲ್ಲ. ಎರಡೂ ಬಿಸಿ ನೀರಿನಂತೆಯೇ ಇಳಿಯುತ್ತಿದ್ದವು.

ಒಂದೇ ಒಂದು ವಿಷಯದಲ್ಲಿ ಅವಳು ಹಟ ಹಿಡಿದಿದ್ದಳು. ಮಗಳಿಗೆ ಹೇಳಿದ್ದಳು: "ಸ್ಟೇಷನ್ನಾಗೆ ನನ್ನ ಮಾತಾಡುಸ್ಬ್ಯಾಡ. ನಾ ಯಾರೋ, ನೀ ಯಾರೋ."

ರಾಣಿ ಒಪ್ಪಿರಲಿಲ್ಲ, ಜಗಳವಾಡಿದ್ದಳು, ಕೊನೆಗೆ ಸುಮ್ಮನಾಗಿದ್ದಳು. ನೀಲಿ ಅಂಚಿನ ಬಿಳಿ ಸೀರೆಯುಟ್ಟು, ನಜೀರನ ಮಗಳು ಫಿರ್ದೋಸ್ ಜೊತೆ ಪ್ಲಾಟ್‌ಫಾರಮ್ಮಿನ ಆ ತುದಿಯಲ್ಲಿ ನಿಲ್ಲುತ್ತಿದ್ದಳು. ಇಬ್ಬರೂ ಒಂದೇ ಕ್ಲಾಸು. ಭದ್ರಮ್ಮ ಪೊರಕೆ ಹಿಡಿದು ಈ ತುದಿಯಲ್ಲಿ ಕೂತಿರುತ್ತಿದ್ದಳು. ಸಂಜೆ ಮನೆಯಲ್ಲಿ ರಾಣಿ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದು, ಎದುರಿಗೆ ಮಕ್ಕಳಿದ್ದಾರೆಂದುಕೊಂಡು ಪಾಠ ಮಾಡುತ್ತಿದ್ದಳು. ಆ ದನಿಯೊಂದು ಭದ್ರಮ್ಮನ ಒಳಕ್ಕೆ ಇಳಿಯುತ್ತಿತ್ತು.

ಹೀಗಿರುವಾಗ ಡ್ರೈವರು, ಗಾರ್ಡು ಎಲ್ಲ ಸೇರಿ ಮೇಲಕ್ಕೆ ದೂರು ಕೊಟ್ಟರು. ಕಗ್ಗಲಕಟ್ಟೆಯಲ್ಲಿ ಮೂಗು ಬಿಡಲಾಗುವುದಿಲ್ಲ, ಗಾಡಿ ಹತ್ತಲಾಗುವುದಿಲ್ಲ ಎಂದು. ಅರಸೀಕೆರೆ ಕಡೆಯವರು ಆ ಗಾಡಿ ತಮಗೆ ಬೇಕೆಂದು ಕೇಳುತ್ತಲೇ ಇದ್ದರು. ದೊಡ್ಡ ಸಾಹೇಬರು ಬಂದು ಕಣ್ಣಾರೆ ನೋಡಿ, ಗಾಡಿಯನ್ನು ಇಲ್ಲೇ ಇಡಬೇಕೋ ಬೇರೆ ಲೈನಿಗೆ ಹಾಕಬೇಕೋ ಹೇಳುತ್ತಾರೆ ಎಂದಾಯಿತು. ಬೆಳಗಿನ ಗಾಡಿ ಹೊರಡುವ ಹೊತ್ತಿಗೇ ಬರುತ್ತಾರಂತೆ.

ಆ ದಿನ ಚಲುವಯ್ಯ ನಸುಕಿನಲ್ಲೇ ಬಂದು ಬಾಗಿಲು ಬಡಿದ.

"ಗಾಡಿ ಒಂಡೋಗಗಂಟ ಕಾಯಂಗಿಲ್ಲ. ಅದು ಸರುದ್ರೆ ಸಾಹೇಬ್ರ ಕಣ್ಗೆ ಎಲ್ಲ ಬೀಳ್ತದೆ. ನಿಂತಿರೋವಾಗ್ಲೇ ಅಡೀಗ್ ನುಗ್ಗಿ ಬಾಚ್ಬುಡು."

"ಗಾಡಿ ಅಡೀಗಾ?"

"ಡ್ರೈವರ್‌ಗೆ ಏಳಿವ್ನಿ. ಅಲ್ಲಾಡ್ಸಕಿಲ್ಲ."

"ಮೇಲೆ ಜನ ಕೂರ್ತಾರಲ್ಲ ಚಲುವಣ್ಣಾ. ಇವತ್ತೊಂದಿನ ಬ್ಯಾಡಿ ಅನ್ನು."

"ಅಂದೆ ಕಣವ್ವಾ. ಸ್ಟೇಷನ್ ಮಾಸ್ಟ್ರೂ ಬೀಗ ಆಕ್ತೀನಿ ಅಂದ್ರು. ಸಮಿತಿಯೋರು, ನಮ್ ಎಂಗಸ್ರು ಎಲ್ಲಿಗೋಗ್ಬೇಕು ಅಂತ ಮೇಲ್ ಬಿದ್ರು."

ಭದ್ರಮ್ಮ ಹೋದಳು. ಪ್ಲಾಟ್‌ಫಾರಮ್ಮಿನ ಇಳಿಜಾರು ಇಳಿದು, ಗಾಡಿಯ ಹಿಂಬದಿಯಿಂದ ತಲೆ ತಗ್ಗಿಸಿ ಒಳಗೆ ನುಗ್ಗಿದಳು. ಕೂರುವಷ್ಟು ಎತ್ತರವಿಲ್ಲ. ಮೊಣಕೈ ಊರಿ, ಹೊಟ್ಟೆಯನ್ನು ಜಲ್ಲಿಗೆ ಎಳೆಯುತ್ತ ಸರಿಯಬೇಕು. ಮಂಕರಿಯನ್ನು ಮುಂದೆ ತಳ್ಳಬೇಕು. ತಲೆ ಎತ್ತಿದರೆ ಕಬ್ಬಿಣ ಹೊಡೆಯುತ್ತದೆ. ಎಣ್ಣೆ ತೊಟ್ಟಿಕ್ಕುತ್ತಿತ್ತು. ಎಲ್ಲೋ ಎಂಜಿನ್ನು ಗುರುಗುಟ್ಟುತ್ತಿತ್ತು, ಅದರ ನಡುಕ ಜಲ್ಲಿಯಿಂದ ಎದೆಗೆ ಬರುತ್ತಿತ್ತು. ಬಾಚಿದಳು. ತುಂಬಿದಳು. ಹಿಂದಕ್ಕೆ ತೆವಳಿ ಹೊರಗೆ ಬಂದು ಸುರಿದಳು. ಮತ್ತೆ ನುಗ್ಗಿದಳು.

ಎರಡನೇ ಡಬ್ಬಿಯ ಅಡಿಯಲ್ಲಿದ್ದಾಗ ಮೇಲಿನಿಂದ ಬಿತ್ತು. ಕತ್ತಿನ ಮೇಲೆ, ಬೆನ್ನಿನ ಮೇಲೆ. ಹಿಂದೆಯೇ ನೀರು. ನೀರು ಮಾತ್ರವೇ ಆಗಿದ್ದರೆ ಬರೆಯಬೇಕಾಗಿರಲಿಲ್ಲ.

ಪ್ಲಾಟ್‌ಫಾರಮ್ಮಿನ ಅಂಚಿನಲ್ಲಿ ಬಗ್ಗಿ ನೋಡುತ್ತಿದ್ದವನೊಬ್ಬ, "ಭದ್ರಿಗೆ ಅಭಿಷೇಕ ಆಯ್ತು ಕಣ್ರೋ" ಎಂದ. ಕೆಲವರು ನಕ್ಕರು.

ಅವಳಿಗೆ ಏನೂ ಅನಿಸಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಕತೆ ಹೇಳುವವರು ಇಂಥ ಕಡೆ ಹೆಣ್ಣಿನ ಕಣ್ಣಿನಲ್ಲಿ ಬೆಂಕಿ ತರಿಸುತ್ತಾರೆ. ಬೆಂಕಿ ಬರಲಿಲ್ಲ. ಬೆಚ್ಚಗಿದೆ ಎಂದುಕೊಂಡಳು, ಅಷ್ಟೆ. ಸೆರಗಿನಿಂದ ಕತ್ತು ಒರೆಸಿಕೊಂಡು ತಗಡನ್ನು ಮುಂದಕ್ಕೆ ಹಾಕಿದಳು.

ಮೇಲೆ ವೀರಭದ್ರಸ್ವಾಮಿಯವರ ದನಿ ಕೇಳಿಸಿತು. ಹಾರದ ಬುಟ್ಟಿ ಹಿಡಿಸಿಕೊಂಡು ಬಂದಿದ್ದರು.

"ಇನ್ನೂ ಅರ್ಧಾನೂ ಆಗಿಲ್ವೇನೋ ಚಲುವ! ಸಾಹೇಬ್ರು ಆಗಲೇ ದಾರೀಲಿದ್ದಾರೆ. ಒಬ್ಬಳ ಕೈಲಿ ಆಗೋ ಕೆಲಸಾನಾ ಇದು? ಇವಳ ಮಗಳು ಎಲ್ಲಿ? ಅಲ್ಲಿ ನಿಂತಿದ್ದಾಳಲ್ಲ, ಬಿಳೀ ಸೀರೆ. ಅವಳನ್ನೂ ಇಳಿಸು."

"ಬುದ್ದಿ, ಅದು ಓದೋ ಮಗ..."

"ಓದಿದ್ರೆ ಕೈ ಸವೀತದೇನೋ? ಊರಿನ ಮರ್ಯಾದೆ ಪ್ರಶ್ನೆ. ಇಳಿಸು ಅಂದ್ರೆ ಇಳಿಸು."

ಭದ್ರಮ್ಮ ಗಾಡಿಯ ಅಡಿಯಲ್ಲಿ ಮಲಗಿ ಕೇಳಿಸಿಕೊಂಡಳು. ಬಿಳೀ ಸೀರೆ ಯಾರೆಂದು ಜನ ತಿರುಗಿ ನೋಡುತ್ತಿರಬೇಕು, ಮೇಲೆ ಚಪ್ಪಲಿಗಳು ಹೊರಳಿದ ಸದ್ದು ಬಂತು. ಫಿರ್ದೋಸ್, "ಬೇಡ ಕಣೇ, ರಾಣೀ, ಬೇಡ" ಎಂದದ್ದು ಕೇಳಿತು. ಆಮೇಲೆ ಇಳಿಜಾರಿನಲ್ಲಿ ಹೆಜ್ಜೆ ಸಪ್ಪಳವಾಯಿತು. ಜಲ್ಲಿ ಕರಕರ ಎಂದಿತು. ಗಾಲಿಗಳ ಸಂದಿಯಿಂದ ಎರಡು ಪಾದ ಕಂಡವು. ಆ ಪಾದ ಚಪ್ಪಲಿ ಬಿಟ್ಟವು, ಒಂದರ ಪಕ್ಕ ಒಂದು, ಶಾಲೆಯ ಬಾಗಿಲಲ್ಲಿ ಬಿಡುವ ಹಾಗೆ. ಸೀರೆಯ ನೀಲಿ ಅಂಚು ಮೇಲಕ್ಕೆ ಹೋಗಿ ಸೊಂಟಕ್ಕೆ ಸಿಕ್ಕಿಕೊಂಡಿತು. ರಾಣಿ ಕುಕ್ಕರುಗಾಲಲ್ಲಿ ಕೂತು ಒಳಗೆ ಬಗ್ಗಿದಳು. ತಾಯಿಯ ಕತ್ತನ್ನು, ಬೆನ್ನನ್ನು ನೋಡಿದಳು. ಕೈ ಚಾಚಿದಳು.

"ಅವ್ವಾ, ತಗಡು ಕೊಡು. ನೀ ಈಚೆ ಬಾ."

ಬಲಗೈ. ಬೆರಳ ತುದಿಯಲ್ಲಿ ಸೀಮೆಸುಣ್ಣದ ಬಿಳಿ ಇನ್ನೂ ಹೋಗಿರಲಿಲ್ಲ.

ಭದ್ರಮ್ಮನ ಒಳಗೆ ಏನೋ ಕಿತ್ತುಕೊಂಡು ಬಂತು. ಸಿಟ್ಟೇ ಅದು. ಅಷ್ಟು ದಿನ ಎಲ್ಲಿತ್ತೋ. "ಮುಟ್ಬ್ಯಾಡ!" ಎಂದು ಕಿರುಚಿದಳು. ಗಾಡಿಯ ಅಡಿಯಿಂದ ಬಂದ ಆ ಕೂಗಿಗೆ ಮೇಲಿನವರು ಹೌಹಾರಿ ಹಿಂದಕ್ಕೆ ಸರಿದರು. ತಗಡನ್ನೂ ಮಂಕರಿಯನ್ನೂ ಅಲ್ಲೇ ಬಿಟ್ಟು ಅವಳು ಈಚೆಗೆ ತೆವಳಿ ಬಂದಳು. ಎದ್ದು ನಿಂತಳು.

"ಚಪ್ಲಿ ಮೆಟ್ಕೊ."

"ಅವ್ವಾ, ನಿನ್ನ ಕೆಲ್ಸ ಓಯ್ತದೆ..."

"ಮೆಟ್ಕೊ ಅಂದೆ ಕಣೇ! ಮೇಲಕ್ಕತ್ತು!"

ಮಗಳನ್ನು ಮುಂದೆ ಬಿಟ್ಟುಕೊಂಡು ಇಳಿಜಾರು ಹತ್ತಿದಳು. ಜನ ತುಂಬಿದ ಪ್ಲಾಟ್‌ಫಾರಮ್ಮಿನ ಮಧ್ಯೆ ಅವಳು ಎಂದೂ ನಡೆದವಳಲ್ಲ, ಅಂದು ನಡೆದಳು. ಮೈಯಿಂದ ತೊಟ್ಟಿಕ್ಕುತ್ತಿತ್ತು. ಜನ ಸೀಳಿ ದಾರಿಯಾಯಿತು. ವೀರಭದ್ರಸ್ವಾಮಿಯವರ ಎದುರಿಗೆ ಬಂದು ನಿಂತಾಗ ಅವರು ಕರ್ಚೀಫು ಮೂಗಿಗಿಟ್ಟುಕೊಂಡು ಹಾರದ ಬುಟ್ಟಿಯನ್ನು ಹಿಂದಕ್ಕೆ ಸರಿಸಿದರು.

"ಎಲ್ಲಿಗೆ ಬಂದೆ? ಕೆಳಗಿಳಿ!"

"ಇಳಿಯಕಿಲ್ಲ."

"ಏನಂದೆ?"

"ಇಳಿಯಕಿಲ್ಲ ಅಂದೆ. ನಾನೂ ಇಳಿಯಕಿಲ್ಲ, ನನ್ನ ಮಗಳೂ ಇಳಿಯಕಿಲ್ಲ."

ವೀರಭದ್ರಸ್ವಾಮಿ ದನಿ ತಗ್ಗಿಸಿದರು. ಬುದ್ಧಿ ಹೇಳುವ ದನಿ ಅದು, ಗಿರಣಿಯಲ್ಲಿ ಕೂಲಿಯವರ ಜೊತೆ ಆಡುವ ದನಿ. "ನೋಡು ಭದ್ರಿ. ಇವತ್ತು ಅವರು ಇದನ್ನ ನೋಡಿದ್ರೆ ಗಾಡಿ ಹೋಯ್ತು. ಗಾಡಿ ಹೋದ್ರೆ ನಿನ್ನ ಮಗಳ ಓದೂ ಹೋಯ್ತು. ನಮಗೇನು, ನಮ್ಮ ಮಕ್ಕಳು ಸ್ಕೂಟರಲ್ಲಿ ಹೋಗ್ತಾವೆ. ನಿನ್ನ ಮಗಳ ಸಲುವಾಗಾದ್ರೂ ಇಳಿ."

ಅದು ನಿಜವಾಗಿತ್ತು. ನಿಜವೆಂದು ಭದ್ರಮ್ಮನಿಗೂ ಗೊತ್ತಿತ್ತು. ಅವಳು ಮಗಳ ಮುಖ ನೋಡಿದಳು. ರಾಣಿ ತುಟಿ ಕಚ್ಚಿಕೊಂಡು ಅಳು ತಡೆಯುತ್ತಿದ್ದಳು.

"ಓಗ್ಲಿ" ಎಂದಳು ಭದ್ರಮ್ಮ.

"ಹೋಗ್ಲಿ ಅಂದ್ರೆ? ಇದನ್ನ ಯಾರು ಬಾಚಬೇಕು?"

"ಕೂತೋರು ಬಾಚ್ಲಿ."

ಯಾರೂ ನಗಲಿಲ್ಲ. ಚಲುವಯ್ಯ ಓಡಿ ಬಂದು ಅಂಗಲಾಚಿದ. "ಭದ್ರವ್ವಾ, ಕಾಲಿಡ್ಕತೀನಿ ಕಣವ್ವಾ. ನನ್ ಒಟ್ಟೆ ಮ್ಯಾಲೆ ಒಡೀಬ್ಯಾಡ. ಇದೊಂದ್ಸಲ."

"ನೀನಿಳಿ ಚಲುವಣ್ಣಾ. ನಿಂಗೆ ಬೂಟದೆ."

ಚಲುವಯ್ಯ ತನ್ನ ಬೂಟು ನೋಡಿಕೊಂಡ. ಅಲ್ಲಿಯೇ ನಿಂತ.

ಸಾಹೇಬರ ಜೀಪು ಬಂತು. ಹಾರ ಹಾಕಿದರು. ಗಾಡಿ ಹೊರಡುವ ಹೊತ್ತಾಗಿತ್ತು. ಭದ್ರಮ್ಮ ಮಗಳಿಗೆ, "ಓಗು, ಗಾಡಿ ಅತ್ತು. ಪಾಠ ತಪ್ಪುಸ್ಬ್ಯಾಡ" ಎಂದಳು. ರಾಣಿ ಹತ್ತಿದಳು. ಅವಳ ಜೊತೆಯ ಹುಡುಗಿಯರು ಬೇರೆ ಕಡೆ ಸರಿದು ಕೂತದ್ದು ಕಿಟಕಿಯಲ್ಲಿ ಕಂಡಿತು. ಫಿರ್ದೋಸ್ ರಾಣಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತಳು. ಹಸಿರು ಬಾವುಟ ಬೀಸಿದರು. ಗಾಡಿ ಸರಿಯಿತು. ಸರಿಯುತ್ತ ಸರಿಯುತ್ತ, ಅಡಿಯಲ್ಲಿದ್ದದ್ದನ್ನೆಲ್ಲ ಬಿಸಿಲಿಗೆ ಬಿಚ್ಚಿಟ್ಟಿತು. ಸಾಹೇಬರು ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದು ಒಂದಷ್ಟು ಹೊತ್ತು ನೋಡಿದರು. ಜೀಪು ಹತ್ತಿದರು. ಅವರ ಹಿಂದೆ ಊರೂ ಚದುರಿತು. ನಜೀರ್ ಟೀ ನೀರಿನ ಡ್ರಮ್ಮಿನಿಂದ ಬಕೆಟ್ ತುಂಬಿ ತಂದು ಭದ್ರಮ್ಮನ ಕಾಲ ಬಳಿ ಇಟ್ಟ. ಇನ್ನೊಂದು ತಂದ. ಮತ್ತೊಂದು ತಂದ. ಅವಳು ಕಲ್ಲು ಬೆಂಚಿನ ಪಕ್ಕ ಬಯಲಿನಲ್ಲೇ ಕೂತು ತಲೆಯ ಮೇಲೆ ಹುಯ್ದುಕೊಂಡಳು.

ಗಾಡಿ ಹೋಯಿತು. ಅರಸೀಕೆರೆ ಕಡೆ ಹಾಕಿದರಂತೆ. ಬೀದಿಯ ಹೆಂಗಸರು ಮತ್ತೆ ಚೊಂಬು ಹಿಡಿದು ಏರಿಯ ಹಿಂದೆ ಹೋಗುತ್ತ ಭದ್ರಮ್ಮನ ವಂಶಕ್ಕೆ ಶಾಪ ಹಾಕಿದರು. ಸಮಿತಿಯ ಇಬ್ಬರು ಜಗಲಿಯ ಮುಂದೆ ಬಂದು, ಭದ್ರಮ್ಮ ಮೈಸೂರಿಗೆ ಬಂದು ತಪ್ಪು ನನ್ನದು, ಕೆಲಸಗಳ್ಳತನ ಮಾಡಿದೆ ಎಂದು ಸಾಹೇಬರಿಗೆ ಒಂದು ಮಾತು ಹೇಳಿದರೆ ಗಾಡಿ ವಾಪಸ್ಸು ಬರಬಹುದು ಎಂದರು. ಮಂಟಯ್ಯ ಅವರನ್ನೇ ನೋಡಿದ. ಚಾಚಿದ ಕಾಲನ್ನು ತೆಗೆಯಲಿಲ್ಲ.

"ದಾಟ್ಕಂಡ್ ಓಗಿ ಕೇಳಿ. ಒಳಗವ್ಳೆ" ಎಂದ.

ಅವರು ದಾಟಲಿಲ್ಲ. ಅಂದಿನಿಂದ ಅಂಗಡಿಯಲ್ಲಿ ಭದ್ರಮ್ಮನನ್ನು ಕಾಯಿಸಿ ಕಾಯಿಸಿ ಸಾಮಾನು ಕೊಟ್ಟರು. ಕಗ್ಗಲಕಟ್ಟೆಯ ಗದ್ದೆಗಳಿಗೆ ಅವಳನ್ನು ಯಾರೂ ನಾಟಿಗೆ ಕರೆಯಲಿಲ್ಲ. ರಾಣಿ ಇನ್ನು ಓದು ಸಾಕು, ನಾನೂ ಕೂಲಿಗೆ ಬರುತ್ತೇನೆ ಎಂದಳು. ಭದ್ರಮ್ಮ ಕೈಯೆತ್ತಿದಳು, ಹೊಡೆಯಲಿಲ್ಲ. ಬಸ್ಸಿನಲ್ಲಿ ಹೋಗು ಎಂದಳು. ಬಸ್ಸಿನ ದುಡ್ಡಿಗೆ ದಾರಿ ಮಾತ್ರ ಇನ್ನೂ ಕಂಡಿರಲಿಲ್ಲ.

ಗಾವಡಗೆರೆಯಿಂದ ತಮ್ಮನ ಹೆಂಡತಿ ಚಿಕ್ಕಬಸಮ್ಮ ಸುದ್ದಿ ಕೇಳಿ ಬಂದಳು. ಗಂಡ ಸತ್ತ ಮೇಲೆ ಅವಳು ನಾಟಿಯ ಹೆಂಗಸರ ಗುಂಪು ಕಟ್ಟಿಕೊಂಡು ನಾಲೆಯ ಬಯಲಿನ ಊರೂರು ತಿರುಗುತ್ತಿದ್ದಳು. "ನಮ್ ಗುಂಪ್ಗೆ ಬಾ ಅತ್ಗೆ. ಅಲ್ಲಿ ಯಾವನೂ ನಿನ್ ಎಸ್ರು ಕೇಳಕಿಲ್ಲ" ಎಂದು ಕರೆದುಕೊಂಡು ಹೋದಳು.

ಬೆಳಿಗ್ಗೆ ಗದ್ದೆಗೆ ಹೋದರು. ನೀರು ಕಟ್ಟಿ ತುಳಿದು ಹದ ಮಾಡಿದ ಗದ್ದೆ, ಕಪ್ಪಗೆ ನುಣ್ಣಗೆ ಇತ್ತು. ಹೆಂಗಸರು ಸೀರೆ ಎತ್ತಿ ಕಟ್ಟಿ ಒಬ್ಬೊಬ್ಬರೇ ಇಳಿದರು. ಭದ್ರಮ್ಮ ಬದುವಿನ ಮೇಲೆ ಪೈರಿನ ಕಂತೆ ಹಿಡಿದು ನಿಂತಳು. ಒಂದು ಕಾಲು ಎತ್ತಿದಳು. ಇಡಲಾಗಲಿಲ್ಲ. ಮತ್ತೆ ಎತ್ತಿದಳು. ಬೆರಳುಗಳು ಒಳಕ್ಕೆ ಮಡಚಿಕೊಂಡವು. ಹುಟ್ಟಿದಾಗಿನಿಂದ ಗದ್ದೆಯಲ್ಲಿ ಬೆಳೆದ ಹೆಂಗಸು ಅವಳು.

"ಯಾಕತ್ಗೆ?" ಚಿಕ್ಕಬಸಮ್ಮ ನಡು ನೆಟ್ಟಗೆ ಮಾಡಿ ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬದುವಿನವರೆಗೆ ನಡೆದು ಬಂದಳು. ಒಂದು ಹಿಡಿ ಎತ್ತಿ, ಬೊಗಸೆಯಲ್ಲಿಟ್ಟು ತೋರಿಸಿದಳು.

"ಕೆಸ್ರು ಕಣತ್ಗೆ. ನೋಡು. ಬರೀ ಕೆಸ್ರು."

ಭದ್ರಮ್ಮ ಬಗ್ಗಿ ನೋಡಿದಳು. ಬೆರಳಿಟ್ಟು ಮುಟ್ಟಿದಳು. ಆಮೇಲೆ ಇಳಿದಳು. ಮೀನಖಂಡದವರೆಗೆ ತಣ್ಣಗೆ ಹತ್ತಿತು. ಅಲ್ಲೇ ನಿಂತು, ಗದ್ದೆಯ ಆ ಕೊನೆಯವರೆಗೆ ಕೇಳುವ ಹಾಗೆ, ಬಾಯಿ ಬಿಟ್ಟು ಅತ್ತಳು. ಹೆಂಗಸರು ನಾಟಿ ನಿಲ್ಲಿಸಿ ನಿಂತರು. ಗದ್ದೆಯ ಯಜಮಾನ ಬದುವಿನಿಂದ ಏನಾಯಿತೆಂದು ಕೂಗಿದ. ಹೆಂಗಸರು ಅವನಿಗೆ ಬೆನ್ನು ಮಾಡಿ ನಿಂತೇ ಇದ್ದರು.